ಹತ್ತು ನಿಮಿಷದಲ್ಲಿ ನೋಡಿ ಮುಗಿಸುವ ಹುಡುಗರಲ್ಲ ಇವರು

ಭಾರತದ ಕಿರಿಯರ ಮತ್ತು ಪುರುಷರ ವಾಲಿಬಾಲ್ ತಂಡಗಳಿಗೆ ಆಟಗಾರರನ್ನು ಆರಿಸುವ ಹಿರಿಯರಿಗೆ,

ನಮಸ್ಕಾರ.

ಮಂಡ್ಯ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಪಿ.ಇ. ಮೇಷ್ಟ್ರಾಗಿ ಕೆಲಸ ಮಾಡಿದವನು ನಾನು. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ರಾಷ್ಟ್ರೀಯ ಕ್ಯಾಂಪನ್ನು ಒಳಗಿನಿಂದ ಕಂಡವನಲ್ಲ. ಆದರೆ ನಿಮ್ಮ ಮುಂದೆ ಸಾಲಾಗಿ ಬಂದು ನಿಲ್ಲುವ ಹುಡುಗರು ಎಲ್ಲಿಂದ ಬರುತ್ತಾರೆ, ನೀವು ವಾಪಸ್ ಕಳಿಸಿದ ಮೇಲೆ ಏನಾಗುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನು ನಿಮಗೆ ಹೇಳಲೇಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

2025ರ ಜುಲೈನಲ್ಲಿ ಥಾಯ್ಲೆಂಡಿನ ನಖೋನ್ ಪಾಥೋಮ್‌ನಲ್ಲಿ ನಮ್ಮ 16 ವರ್ಷದೊಳಗಿನ ಹುಡುಗರು ಜಪಾನನ್ನು 3-2ರಲ್ಲಿ ಸೋಲಿಸಿ ಏಷ್ಯಾದ ಕಂಚು ಗೆದ್ದರು. 2026ರ 17 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ಗೂ ಅರ್ಹತೆ ಸಿಕ್ಕಿತು. ಆ ಸುದ್ದಿ ಓದಿದ ದಿನ ನಮ್ಮೂರಿನ ಮೈದಾನದ ಹುಡುಗರಿಗೆಲ್ಲ ನಾನೇ ಮೈಸೂರು ಪಾಕ್ ಹಂಚಿದೆ. ಅವರನ್ನು ಆರಿಸಿದವರು ನೀವು. ಮೊದಲು ಅದಕ್ಕೆ ಮನಸಾರೆ ಧನ್ಯವಾದ.

ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. 2003 ನೆನಪಾಯಿತು.

ಆ ವರ್ಷವೂ ಥಾಯ್ಲೆಂಡೇ. ಸುಫಾನ್‌ಬುರಿ ಅನ್ನುವ ಊರು. 19 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಫೈನಲ್ ತಲುಪಿ ಬೆಳ್ಳಿ ಗೆದ್ದಿತು. ಏಷ್ಯಾದ ಬೆಳ್ಳಿಯಲ್ಲ, ಪ್ರಪಂಚದ ಬೆಳ್ಳಿ. ನಮಗಿಂತ ಮೇಲೆ ಇದ್ದದ್ದು ಬ್ರೆಜಿಲ್ ಒಂದೇ. 2009ರಲ್ಲಿ ಪುಣೆಯಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೇ ಸ್ಥಾನ. 2022ರಲ್ಲಿ ಎರಡು ಪದಕ: ತೆಹ್ರಾನಿನಲ್ಲಿ 18 ವರ್ಷದೊಳಗಿನವರಿಗೆ ಏಷ್ಯಾದ ಕಂಚು, ಬಹ್ರೇನ್‌ನಲ್ಲಿ 20 ವರ್ಷದೊಳಗಿನವರಿಗೆ ಏಷ್ಯಾದ ಬೆಳ್ಳಿ. ಅಂದರೆ ನಮ್ಮ ಹುಡುಗರಲ್ಲಿ ಕಸುವಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಹದಿನಾರಕ್ಕೆ, ಹದಿನೆಂಟಕ್ಕೆ ನಾವು ಪ್ರಪಂಚದ ಯಾರ ಎದುರಿಗಾದರೂ ನಿಲ್ಲುತ್ತೇವೆ.

ಆಮೇಲೆ ಏನಾಗುತ್ತದೆ? ಪುರುಷರ ತಂಡ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ಪದಕ ಗೆದ್ದದ್ದು 1986ರಲ್ಲಿ, ಸಿಯೋಲ್‌ನ ಕಂಚು. ಅದಕ್ಕೂ ಮೊದಲು 1958ರಲ್ಲಿ ಕಂಚು, 1962ರಲ್ಲಿ ಬೆಳ್ಳಿ ಬಂದಿತ್ತು. ಒಲಿಂಪಿಕ್ಸ್‌ಗೆ ಒಂದು ಸಲವೂ ಹೋಗಿಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರ ಸೆಪ್ಟೆಂಬರಿನಲ್ಲಿ, ದಕ್ಷಿಣ ಕೊರಿಯಾವನ್ನು ಐದು ಸೆಟ್‌ಗಳಲ್ಲಿ ಸೋಲಿಸಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಐದನೇ ಸೆಟ್ 17-15. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಆ ತಂಡದಲ್ಲಿದ್ದರು. ಚೈನೀಸ್ ತೈಪೆಯನ್ನೂ ನೇರ ಸೆಟ್‌ಗಳಲ್ಲಿ ಸೋಲಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಜಪಾನ್ ಎದುರು ಸೋತು, ಕೊನೆಗೆ ಆರನೇ ಸ್ಥಾನ.

ಇರಾನ್ ಕಡೆ ನೋಡಿ. 2003ರ ಆ ವಿಶ್ವ ಕೂಟದಲ್ಲಿ ಅವರು ನಮ್ಮ ಮೇಲೆ ಇರಲಿಲ್ಲ. 2011ರಲ್ಲಿ ಅರ್ಜೆಂಟೀನಾದ ಹೂಲಿಯೊ ವೆಲಾಸ್ಕೊ ಕೋಚ್ ಆಗಿ ಬಂದರು. ಅದೇ ವರ್ಷ ಇರಾನ್ ಮೊದಲ ಸಲ ಏಷ್ಯಾ ಚಾಂಪಿಯನ್ ಆಯಿತು. 2014, 2018, 2023, ಮೂರು ಏಷ್ಯನ್ ಗೇಮ್ಸ್‌ನಲ್ಲೂ ಚಿನ್ನ. 2016ರಲ್ಲಿ ರಿಯೊ ಒಲಿಂಪಿಕ್ಸ್. 21 ವರ್ಷದೊಳಗಿನವರ ವಿಶ್ವ ಕಿರೀಟ 2019, 2023, 2025ರಲ್ಲಿ. ಅವರ ಹುಡುಗರು ಮೇಲೆ ಹೋದರು. ನಮ್ಮ ಹುಡುಗರು ದಾರಿಯಲ್ಲೇ ಕಳೆದುಹೋದರು. ಒಬ್ಬ ವಿದೇಶಿ ಕೋಚ್ ಬಂದದ್ದರಿಂದಲೇ ಇಷ್ಟೆಲ್ಲ ಆಯಿತು ಅಂತ ನಾನು ನಂಬುವುದಿಲ್ಲ. ಕೋಚ್ ಕೈಗೆ ಕೊಡಲು ಅವರ ಹತ್ತಿರ ಬೆಳೆಸಿಟ್ಟುಕೊಂಡ ಹುಡುಗರಿದ್ದರು.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಬೇಡ. ಅವನಿಗೆ ಈಗ ಮದುವೆಯಾಗಿ ಮಗು ಇದೆ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವನ ಎತ್ತರ ಐದೂವರೆ ಅಡಿ ಇರಲಿಲ್ಲ. ಲಿಫ್ಟರ್. ನೀವೆಲ್ಲ ಸೆಟ್ಟರ್ ಅನ್ನುತ್ತೀರಿ, ಸ್ಮ್ಯಾಶ್ ಮಾಡುವವನಿಗೆ ಚೆಂಡು ಎತ್ತಿಕೊಡುವವನನ್ನು ಹಳ್ಳಿ ಮೈದಾನದಲ್ಲಿ ಲಿಫ್ಟರ್ ಅಂತಲೇ ಹೇಳುವುದು. ಚೆಂಡು ಅವನ ಬೆರಳಿಗೆ ಬಂದರೆ ಸದ್ದೇ ಆಗುತ್ತಿರಲಿಲ್ಲ. ಕೆಟ್ಟ ಪಾಸ್ ಬಂದರೂ ಅದರ ಕೆಳಗೆ ಮೊದಲೇ ಹೋಗಿ ನಿಂತಿರುತ್ತಿದ್ದ. ಎದುರಿನ ಬ್ಲಾಕರ್ ಯಾವ ಕಡೆ ವಾಲುತ್ತಾನೆ ಅಂತ ಕಣ್ಣಂಚಿನಲ್ಲೇ ನೋಡಿಕೊಂಡು ಇನ್ನೊಂದು ಕಡೆಗೆ ಎತ್ತಿಕೊಡುತ್ತಿದ್ದ. ಅದನ್ನು ನಾನು ಕಲಿಸಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅಂಥ ಕೈಗಳನ್ನು ಮತ್ತೊಂದು ಸಲ ಕಾಣಲಿಲ್ಲ.

ಒಂದು ಟ್ರಯಲ್ಸ್‌ಗೆ ಕರೆದುಕೊಂಡು ಹೋದೆ. ಯಾವ ಊರು, ಯಾರು ನಡೆಸಿದ್ದು ಅನ್ನುವುದು ಇಲ್ಲಿ ಮುಖ್ಯವಲ್ಲ. ನೂರಕ್ಕಿಂತ ಜಾಸ್ತಿ ಹುಡುಗರು. ಬೆಳಗ್ಗೆ ಎಂಟಕ್ಕೆ ಬನ್ನಿ ಅಂದಿದ್ದರು, ಶುರುವಾದದ್ದು ಹನ್ನೊಂದೂವರೆಗೆ. ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಂಡರು. ಆಮೇಲೆ ಎಲ್ಲರಿಗೂ ಒಂದೇ ಪರೀಕ್ಷೆ: ಐದು ಚೆಂಡು ಸ್ಮ್ಯಾಶ್ ಮಾಡಬೇಕು. ನೀನು ಯಾವ ಜಾಗದಲ್ಲಿ ಆಡುತ್ತೀಯಪ್ಪ ಅಂತ ಯಾರೂ ಕೇಳಲಿಲ್ಲ. ನಮ್ಮ ಹುಡುಗ ಎರಡು ನೆಟ್‌ಗೆ ಹೊಡೆದ, ಒಂದು ಹೊರಗೆ ಹೋಯಿತು. ಮುಂದಿನವನು ಬಾ ಅಂದರು. ಅವನ ಸರದಿ ಹತ್ತು ನಿಮಿಷವೂ ನಡೆಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಮಾತೇ ಆಡಲಿಲ್ಲ. ಮದ್ದೂರು ಹತ್ತಿರ ಬಂದಾಗ ಕೇಳಿದ, "ಸಾರ್, ನಾನು ಲಿಫ್ಟರ್ ಅಂತ ಅವರಿಗೆ ನೀವಾದರೂ ಹೇಳಬಹುದಿತ್ತಲ್ವಾ?" ನಮ್ಮನ್ನೆಲ್ಲ ಗೇಟಿನ ಆಚೆ ನಿಲ್ಲಿಸಿದ್ದರು. ಆದರೂ ನಾನು ಒಳಗೆ ನುಗ್ಗಿ ಹೇಳಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಎರಡನೇ ಪಿಯುಸಿ ಮುಗಿಯುವ ಹೊತ್ತಿಗೆ ಅವನು ಆರು ಅಡಿ ಒಂದು ಇಂಚು ಬೆಳೆದಿದ್ದ. ಆದರೆ ಅಷ್ಟರಲ್ಲಿ ಟೂರ್ನಮೆಂಟ್‌ಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ಅವರಪ್ಪನಿಗೆ ಕಾಯಿಲೆ. ಇವನು ದುಡಿಯಬೇಕಾಯಿತು. ಈಗ ಹಾಲಿನ ಡೇರಿಯ ಟೆಂಪೋ ಓಡಿಸುತ್ತಾನೆ. ಒಳ್ಳೆಯ ಹುಡುಗ, ಗೌರವದಿಂದ ಬದುಕುತ್ತಿದ್ದಾನೆ. ಅವನು ಖಂಡಿತ ಭಾರತಕ್ಕೆ ಆಡುತ್ತಿದ್ದ ಅಂತ ನಾನು ವಾದ ಮಾಡುವುದಿಲ್ಲ. ಅವನನ್ನು ಯಾರೂ ನೋಡಲೇ ಇಲ್ಲ ಅನ್ನುವುದಷ್ಟೇ ನನ್ನ ಸಂಕಟ.

ಎತ್ತರದ ಬಗ್ಗೆ ನಿಮ್ಮ ಹತ್ತಿರ ಸ್ವಲ್ಪ ಮನಬಿಚ್ಚಿ ಮಾತಾಡಬೇಕು. ಪುರುಷರ ನೆಟ್ 2.43 ಮೀಟರ್. ಅದರ ಮೇಲೆ ಬ್ಲಾಕ್ ಮಾಡುವವನಿಗೆ ಎತ್ತರ ಬೇಕೇ ಬೇಕು, ನಾನು ಒಪ್ಪುತ್ತೇನೆ. ಆದರೆ ತಂಡದಲ್ಲಿ ಎಲ್ಲರೂ ನಡುವಿನ ಬ್ಲಾಕರ್‌ಗಳಲ್ಲವಲ್ಲ. 2024ರ ನೇಷನ್ಸ್ ಲೀಗ್‌ನಲ್ಲಿ ಬೆಳ್ಳಿ ಗೆದ್ದ ಜಪಾನ್ ತಂಡದ ಸೆಟ್ಟರ್ ಮಸಾಹಿರೊ ಸೆಕಿತಾ 175 ಸೆಂಟಿಮೀಟರ್. ಲಿಬೆರೊ, ಅಂದರೆ ಹಿಂದೆ ನಿಂತು ಚೆಂಡು ಕಾಯುವ ಆಟಗಾರ, ತೊಮೊಹಿರೊ ಯಮಾಮೊತೊ 171. ನಮ್ಮ ಟ್ರಯಲ್ಸ್‌ನಲ್ಲಿ ಗೋಡೆಗೆ ನಿಲ್ಲಿಸಿದ್ದರೆ ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಿದ್ದರೇನೋ. ಅದೇ ತಂಡದ ರಾನ್ ತಕಾಹಶಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ 19 ವರ್ಷ. ಎತ್ತರ 188. ಅಟ್ಯಾಕರ್‌ಗೆ ಅದು ದೊಡ್ಡ ಎತ್ತರವೇನಲ್ಲ. ಆದರೆ ಅವನು ಸರ್ವಿಸ್ ರಿಸೀವ್ ಮಾಡುವುದನ್ನು ನೋಡಿದರೆ ಯಾಕೆ ಆರಿಸಿದರು ಅಂತ ಗೊತ್ತಾಗುತ್ತದೆ.

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತಲ್ಲ, ಅದಕ್ಕೆ ನಾನು ಒಂಬತ್ತು ಹುಡುಗರನ್ನು ರೈಲಿನಲ್ಲಿ ಕರೆದುಕೊಂಡು ಹೋಗಿದ್ದೆ. ಇಟಲಿಯ ಪೆರುಜಿಯಾ ಕ್ಲಬ್ ಗೆದ್ದ ಕೂಟ ಅದು. ಹುಡುಗರು ಸ್ಮ್ಯಾಶ್ ನೋಡಿ ಕಿರುಚುತ್ತಾರೆ ಅಂದುಕೊಂಡಿದ್ದೆ. ಅವರು ಬಾಯಿ ಬಿಟ್ಟುಕೊಂಡು ನೋಡಿದ್ದು ಪೆರುಜಿಯಾದ ಸೆಟ್ಟರ್ ಸಿಮೋನೆ ಜನೆಲ್ಲಿಯನ್ನು. ಹತ್ತಿರ ಹತ್ತಿರ ಎರಡು ಮೀಟರ್ ಎತ್ತರದ ಮನುಷ್ಯ ಲಿಫ್ಟ್ ಮಾಡುತ್ತಾನೆ! ನಮ್ಮಲ್ಲಿ ಅಷ್ಟು ಎತ್ತರದ ಹುಡುಗ ಸಿಕ್ಕರೆ ಮೊದಲ ದಿನವೇ ನೆಟ್ ಮುಂದೆ ನಿಲ್ಲಿಸಿ ಸ್ಮ್ಯಾಶ್ ಮಾಡು ಅನ್ನುತ್ತೇವೆ. ನಾನೂ ಹಾಗೇ ಮಾಡಿದವನು. ಜನೆಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಇಟಲಿಗೆ ಬೆಳ್ಳಿ ತಂದ ತಂಡದ ಸೆಟ್ಟರ್ ಆಗಿದ್ದಾಗ ಇಪ್ಪತ್ತು ತುಂಬಿದ್ದಷ್ಟೇ. ಸೆಕಿತಾ ಗಿಡ್ಡ, ಜನೆಲ್ಲಿ ಉದ್ದ. ಇಬ್ಬರ ಕೈಯನ್ನೂ ಯಾರೋ ಚಿಕ್ಕ ವಯಸ್ಸಿನಲ್ಲೇ ಗುರುತಿಸಿದರು. ನಮ್ಮ ದೇಶಕ್ಕೆ ಅಟ್ಯಾಕರ್‌ಗಳ ಬರ ಯಾವತ್ತೂ ಬಂದಿಲ್ಲ. ಲಿಫ್ಟರ್‌ಗಳನ್ನು ಮಾತ್ರ ನಾವು ಹುಡುಕುವುದೇ ಇಲ್ಲ. ಬೇರೆ ಜಾಗದಲ್ಲಿ ಆಡಲಾಗದವನನ್ನು ಲಿಫ್ಟರ್ ಮಾಡುತ್ತೇವೆ.

ಇನ್ನೊಂದು ವಿಷಯ ಎಲುಬಿನ ಪರೀಕ್ಷೆ. ವಯಸ್ಸು ಕಡಿಮೆ ತೋರಿಸಿ ಆಡುವವರನ್ನು ಹಿಡಿಯಲು ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತಾರೆ. ಕ್ರೀಡಾ ಸಚಿವಾಲಯ 2010ರಲ್ಲೇ ಇದಕ್ಕೊಂದು ಸಂಹಿತೆ ತಂದಿದೆ. ಒಳ್ಳೆಯದು, ಇರಲೇಬೇಕು. ಇಪ್ಪತ್ತರ ಯುವಕ ಹದಿನೇಳರ ಹುಡುಗನ ಜಾಗ ಕಿತ್ತುಕೊಳ್ಳುವುದು ಕಳ್ಳತನವೇ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಅಂದಾಜಿನಲ್ಲಿ ಬರೆದ ಕಾಲವೂ ಇತ್ತು. ಹಾಗಾಗಿ ಕಾಗದವನ್ನಷ್ಟೇ ನಂಬಲು ಆಗುವುದಿಲ್ಲ.

ಆದರೆ ಒಂದು ಮಾತು ಕೇಳಿ. ಅದೇ ಎಕ್ಸ್‌ರೇಯಲ್ಲಿ ಇನ್ನೊಂದು ಸುದ್ದಿಯೂ ಇರುತ್ತದೆ. ಎಲುಬು ಎಷ್ಟು ಬೆಳೆದಿದೆ ಅಂತ ನೋಡುವ ಡಾಕ್ಟರು, ಹುಡುಗ ಇನ್ನೂ ಎಷ್ಟು ಬೆಳೆಯಬಹುದು ಅಂತಲೂ ಅಂದಾಜು ಹೇಳಬಲ್ಲರು. ಹದಿನೈದಕ್ಕೇ ಮೀಸೆ ಬಂದು ಆರು ಅಡಿ ಮುಟ್ಟಿದ ಹುಡುಗನ ಬೆಳವಣಿಗೆ ಅಲ್ಲಿಗೇ ನಿಂತಿರಬಹುದು. ಅವನ ಪಕ್ಕದಲ್ಲಿ ಐದು ಅಡಿ ಏಳು ಇಂಚಿನ ಹುಡುಗ ನಿಂತಿದ್ದಾನೆ. ಅವನ ಎಲುಬು ಇನ್ನೂ ಎಳೆಯದು. ಮೂರು ವರ್ಷ ಬಿಟ್ಟು ನೋಡಿದರೆ ಅವನೇ ಎತ್ತರ. ನಮ್ಮ ಕಿರಿಯರ ತಂಡಗಳು ಪದಕ ಗೆದ್ದು ಹಿರಿಯರ ತಂಡ ಹಿಂದೆ ಬೀಳಲು ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ಬೇಗ ಬೆಳೆದ ಹುಡುಗರನ್ನು ಆರಿಸುತ್ತೇವೆ, ಈ ವರ್ಷದ ಕೂಟ ಗೆಲ್ಲುತ್ತೇವೆ. ಒಬ್ಬರನ್ನು ತಳ್ಳಲು ಬಳಸುವ ಎಕ್ಸ್‌ರೇಯನ್ನು ಇನ್ನೊಬ್ಬರನ್ನು ಉಳಿಸಿಕೊಳ್ಳಲೂ ಬಳಸಿ. ಅಪ್ಪ ಅಮ್ಮನ ಎತ್ತರ ಕೇಳಿ. ಪಾದದ ಅಳತೆ ನೋಡಿ. ಹಳ್ಳಿ ಮೇಷ್ಟ್ರುಗಳಿಗೆ ಕೇಳಿದರೆ ಕಳೆದ ವರ್ಷಕ್ಕಿಂತ ಎಷ್ಟು ಬೆಳೆದ ಅಂತ ಕರಾರುವಾಕ್ಕಾಗಿ ಹೇಳುತ್ತಾರೆ. ನಾವು ಬಾಗಿಲ ಚೌಕಟ್ಟಿನ ಮೇಲೆ ಗೆರೆ ಹಾಕಿಟ್ಟಿರುತ್ತೇವೆ.

ಶಾಲಾ ಕ್ರೀಡೆಯ ಏಣಿ ನಿಮಗೆ ಗೊತ್ತೇ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಒಳ್ಳೆಯ ಹುಡುಗ ಸೋಲುವ ತಂಡದಲ್ಲಿದ್ದರೆ ಹೋಬಳಿಯಲ್ಲೇ ಅವನ ಕಥೆ ಮುಗಿಯಿತು. ಚಿಕ್ಕ ಶಾಲೆಗಳಲ್ಲಿ ಆರು ಜನ ಗಟ್ಟಿ ಆಟಗಾರರನ್ನು ಒಟ್ಟುಗೂಡಿಸುವುದೇ ಕಷ್ಟ. ಬೇಲಿಗೂಟಕ್ಕೆ ಕಟ್ಟಿದ ನೆಟ್ ನಡುವೆ ಜೋತುಬಿದ್ದಿರುತ್ತದೆ. ಅದರ ಮೇಲೆ ಹೊಡೆದು ಕಲಿತ ಹುಡುಗ ಟ್ರಯಲ್ಸ್‌ನಲ್ಲಿ ಮೊದಲ ಸಲ ಬಿಗಿಯಾಗಿ ಕಟ್ಟಿದ 2.43 ಮೀಟರಿನ ನೆಟ್ ನೋಡುತ್ತಾನೆ. ಮೊದಲ ಸಲ ಮರದ ನೆಲ, ಮೊದಲ ಸಲ ಮಿಕಾಸಾ ಚೆಂಡು. ಅರ್ಧ ಗಂಟೆ ಅವನನ್ನು ಸುಮ್ನೆ ಆಡಲು ಬಿಡಿ, ಆಮೇಲೆ ನೋಡಿ. ಐದು ಚೆಂಡು ಹೊಡೆಸುವ ಬದಲು ಆರಾರು ಜನರ ತಂಡ ಮಾಡಿ ಎರಡು ಸೆಟ್ ಆಡಿಸಿ. ತನ್ನ ತಪ್ಪಿನಿಂದ ಪಾಯಿಂಟ್ ಹೋದ ಮೇಲೆ ಮುಂದಿನ ಚೆಂಡಿಗೆ ಹುಡುಗ ಹೇಗೆ ನಿಲ್ಲುತ್ತಾನೆ, ತಲೆ ತಗ್ಗಿಸುತ್ತಾನಾ, ಪಕ್ಕದವನನ್ನು ದುರುಗುಟ್ಟಿ ನೋಡುತ್ತಾನಾ, ಮೊಣಕಾಲು ಬಗ್ಗಿಸಿ ಮತ್ತೆ ಸಿದ್ಧನಾಗುತ್ತಾನಾ, ಅದು ಯಾವ ಟೇಪಿನ ಅಳತೆಗೂ ಸಿಗುವುದಿಲ್ಲ.

ಕೇರಳದ ಪೇರಾವೂರಿನ ಜಿಮ್ಮಿ ಜಾರ್ಜ್ ಎಲ್ಲಿಂದ ಬಂದರು? ಹಳ್ಳಿಯಿಂದಲೇ ಅಲ್ವಾ. ಅಣ್ಣತಮ್ಮಂದಿರೇ ಸೇರಿದರೆ ಒಂದು ತಂಡವಾಗುವಂಥ ಮನೆ. 1974ರ ತೆಹ್ರಾನ್ ಏಷ್ಯನ್ ಗೇಮ್ಸ್‌ಗೆ ಹೋದಾಗ ಅವರಿಗೆ 19 ವರ್ಷ. ಮುಂದೆ ಇಟಲಿಯ ಕ್ಲಬ್‌ಗಳಲ್ಲಿ ಆಡಿದರು, 1986ರ ಸಿಯೋಲ್ ಪದಕದ ತಂಡದಲ್ಲೂ ಇದ್ದರು. ಮರುವರ್ಷ ಇಟಲಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ದಿನ ನಾನು ಓದುತ್ತಿದ್ದ ಕಾಲೇಜಿನ ಮೈದಾನದಲ್ಲಿ ಯಾರೂ ಚೆಂಡು ಮುಟ್ಟಲಿಲ್ಲ.

ಆರಿಸಿದ ಮೇಲಿನ ಮಾತಿಗೆ ಬರುತ್ತೇನೆ. ಹದಿನೆಂಟು ತುಂಬಿದ ಕೂಡಲೇ ನಮ್ಮ ಹುಡುಗರ ಮನೆಯಲ್ಲಿ ಒಂದೇ ಪ್ರಶ್ನೆ: ಕೆಲಸ ಸಿಗುತ್ತಾ? ರೈಲ್ವೆ, ಸೇನೆ, ಪೊಲೀಸ್ ಇಲಾಖೆ ಕ್ರೀಡಾ ಕೋಟಾದಲ್ಲಿ ತೆಗೆದುಕೊಂಡರೆ ಮನೆಯವರಿಗೆ ಹಬ್ಬ. ಅದು ತಪ್ಪಲ್ಲ. ಆ ಕೆಲಸಗಳು ಎಷ್ಟೋ ಮನೆಗಳನ್ನು ಉಳಿಸಿವೆ. ಆದರೆ ಕೆಲಸ ಸಿಗದವನು ಹಬ್ಬ ಜಾತ್ರೆಗಳ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ದುಡ್ಡಿಗೆ ಆಡಲು ಹೋಗುತ್ತಾನೆ. ಒಂದು ರಾತ್ರಿಗೆ ಐದು ಮ್ಯಾಚು, ಗಟ್ಟಿ ನೆಲ, ಬೆಳಗಿನ ಜಾವ ಫೈನಲ್. ಗೆದ್ದರೆ ಒಂದಿಷ್ಟು ದುಡ್ಡು, ಟ್ರೋಫಿ, ಕೆಲವು ಕಡೆ ಟಗರು. ಆ ಪಂದ್ಯಗಳನ್ನು ನಾನು ತುಂಬಾ ಪ್ರೀತಿಸುತ್ತೇನೆ. ಈ ಆಟ ಹಳ್ಳಿಯಲ್ಲಿ ಉಳಿದಿರುವುದೇ ಅವುಗಳಿಂದ. ಆದರೆ ಬೆಳೆಯುವ ಹುಡುಗನ ಮಂಡಿ ಎಷ್ಟು ಜಿಗಿತ ತಡೆದೀತು? ಇಪ್ಪತ್ತೆರಡಕ್ಕೇ ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡುವವರನ್ನು ಎಷ್ಟು ಜನರನ್ನು ತೋರಿಸಲಿ ನಿಮಗೆ. ನಿಮ್ಮ ಕ್ಯಾಂಪಿಗೆ ಒಂದು ಸಲ ಬಂದ ಹುಡುಗನಿಗೆ ತಿಂಗಳಿಗೊಮ್ಮೆಯಾದರೂ ಒಬ್ಬರು ಫೋನ್ ಮಾಡಿ, ಎಲ್ಲಿ ಆಡುತ್ತಿದ್ದೀಯ, ಮಂಡಿ ಹೇಗಿದೆ, ಪರೀಕ್ಷೆ ಯಾವಾಗ ಅಂತ ಕೇಳಿದರೆ ಸಾಕು, ಅವನು ಬೇರೆಯೇ ಹುಡುಗನಾಗುತ್ತಾನೆ. ತಾನು ಯಾರದೋ ಲೆಕ್ಕದಲ್ಲಿದ್ದೇನೆ ಅಂತ ಅವನಿಗೆ ಗೊತ್ತಾಗಬೇಕು.

ಪ್ರೈಮ್ ವಾಲಿಬಾಲ್ ಲೀಗ್ 2022ರಿಂದ ಒಂದು ಬಾಗಿಲು ತೆರೆದಿದೆ. ನಮ್ಮ ಬೆಂಗಳೂರು ಟಾರ್ಪಿಡೋಸ್ ಆಟ ನೋಡಲು ಹುಡುಗರು ಮೊಬೈಲಿಗೆ ಅಂಟಿಕೊಳ್ಳುತ್ತಾರೆ. ಅದು ಸಂತೋಷ. ಆದರೆ ಅದು ಸಿದ್ಧರಾದವರ ಬಾಗಿಲು. ಹದಿನೈದರ ಹುಡುಗನಿಗೂ ಆ ಬಾಗಿಲಿಗೂ ನಡುವೆ ಐದಾರು ವರ್ಷದ ದಾರಿ ಇದೆ. ಆ ದಾರಿ ನಿಮ್ಮ ಕೈಯಲ್ಲಿದೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸ ಸ್ಟೇಡಿಯಂ ಕೇಳುತ್ತಿಲ್ಲ. ಕೈಬಿಟ್ಟ ಹುಡುಗನ ಹೆಸರಿನ ಮುಂದೆ ಯಾಕೆ ಬಿಟ್ಟಿರಿ ಅಂತ ಎರಡು ಸಾಲು ಬರೆದು ಅವನ ಕೈಗೆ ಕೊಡಿ. "ರಿಸೀವ್ ಸರಿಯಿಲ್ಲ, ಆರು ತಿಂಗಳು ಅದನ್ನೇ ಮಾಡು, ಮತ್ತೆ ಬಾ." ಇಷ್ಟು ಸಿಕ್ಕರೆ ನಮ್ಮಂಥ ಮೇಷ್ಟ್ರುಗಳು ಉಳಿದದ್ದನ್ನು ಮಾಡುತ್ತೇವೆ. ಏನೂ ಹೇಳದೆ ಕಳಿಸಿದರೆ ಹುಡುಗ ತನಗೆ ಬೇಕಾದ ಕಾರಣ ತಾನೇ ಕಟ್ಟಿಕೊಳ್ಳುತ್ತಾನೆ. ಶಿಫಾರಸು ಇರಲಿಲ್ಲ ಅನ್ನುತ್ತಾನೆ, ನಾನು ಗಿಡ್ಡ ಅನ್ನುತ್ತಾನೆ. ಆಮೇಲೆ ಅವನನ್ನು ಮೈದಾನಕ್ಕೆ ಎಳೆದು ತರುವುದು ಬಲು ಕಷ್ಟ. ಒಂದು ಸಲ ಬಿಟ್ಟವನನ್ನು ವರ್ಷದ ಮೇಲೆ ಇನ್ನೊಂದು ಸಲ ಕರೆದು ನೋಡುವ ರೂಢಿಯೂ ಬರಲಿ. ಕ್ಯಾಂಪಿನ ದಿನಗಳನ್ನು ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ನೋಡಿಕೊಂಡು ಇಡಿ. ಪರೀಕ್ಷೆಯೋ ಆಟವೋ ಅಂತ ಹದಿನಾರರ ಹುಡುಗನನ್ನು ಕೇಳುವುದು ಕ್ರೂರ. ಅವನ ಮನೆಯವರು ಏನು ಉತ್ತರ ಕೊಡುತ್ತಾರೆ ಅಂತ ನಿಮಗೂ ಗೊತ್ತು.

ನಖೋನ್ ಪಾಥೋಮ್‌ನಲ್ಲಿ ಗೆದ್ದ ಹುಡುಗರಿಗೂ ಇದೇ ಮಾತು ಅನ್ವಯ. 2003ರ ಬೆಳ್ಳಿ ತಂಡದ ಹೆಸರುಗಳನ್ನು ನಮ್ಮೂರಿನ ಮೈದಾನದಲ್ಲಿ ಕೇಳಿದರೆ ಒಬ್ಬ ಹುಡುಗನಿಗೂ ಗೊತ್ತಿಲ್ಲ. ಈ ಹನ್ನೆರಡು ಹುಡುಗರ ಹೆಸರನ್ನು ನಾನು ಹಾಳೆಯಲ್ಲಿ ಬರೆದು ಕ್ರೀಡಾ ಸಾಮಗ್ರಿ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಪ್ರತಿ ವರ್ಷ ಅವರಲ್ಲಿ ಎಷ್ಟು ಜನ ಇನ್ನೂ ಆಡುತ್ತಿದ್ದಾರೆ ಅಂತ ಪಕ್ಕದಲ್ಲಿ ಗುರುತು ಹಾಕುತ್ತೇನೆ. ನೀವೂ ನಿಮ್ಮ ಕಚೇರಿಯಲ್ಲಿ ಹಾಗೆ ಒಂದು ಹಾಳೆ ಅಂಟಿಸಿ.

ಸಾಧ್ಯವಾದರೆ ಒಂದು ಸಂಜೆ ನಮ್ಮ ಕಡೆ ಬನ್ನಿ. ಮುಂಚೆ ಹೇಳಬೇಕಾಗಿಲ್ಲ, ಹಾರ ತುರಾಯಿ ಏನೂ ಇರುವುದಿಲ್ಲ. ಐದೂವರೆಗೆ ಹಾಲಿನ ಟೆಂಪೋ ಮೈದಾನದ ಪಕ್ಕ ಬಂದು ನಿಲ್ಲುತ್ತದೆ. ಅದನ್ನು ಓಡಿಸುವವನೇ ಇಳಿದು ನೆಟ್ ಕಟ್ಟುತ್ತಾನೆ, ಚಿಕ್ಕ ಹುಡುಗರಿಗೆ ಒಂದು ಗಂಟೆ ಲಿಫ್ಟ್ ಮಾಡಿಕೊಡುತ್ತಾನೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಅವನ ಪಕ್ಕದಲ್ಲೇ ನಿಂತು ಬೆರಳು ಹೇಗೆ ತೆರೆಯುತ್ತಾನೆ ಅಂತ ನೋಡುತ್ತಿರುತ್ತಾನೆ. ಇನ್ನೂ ಐದು ಅಡಿ ಒಂದು ಇಂಚು. ಅವನ ಪಾದ ಈಗಲೇ ಒಂಬತ್ತನೇ ನಂಬರಿನ ಶೂ ಕೇಳುತ್ತದೆ. ಅವನನ್ನು ಒಂದು ಸಲ ನೋಡಿ ಹೋಗಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ,
ಮಂಡ್ಯ ಜಿಲ್ಲೆ